ಒಂದು ಕಡತ, ಹಲವು ಸಂಚಿಕೆ

ಹತ್ತಾರು ವರ್ಷಗಳ ದೂರದರ್ಶನ ಧಾರಾವಾಹಿಗಳನ್ನು ಒಂದೆರಡು ಹಾರ್ಡ್ ಡಿಸ್ಕುಗಳಲ್ಲಿ ಕೂಡಿಟ್ಟು, ಮನಸ್ಸಾದ ಹೊತ್ತಿನಲ್ಲಿ ಬೇಕಾದ ಸಂಚಿಕೆಯನ್ನು ಮನೆಯ ಪರದೆಗೆ ಬರಮಾಡಿಕೊಳ್ಳುವ ಸೌಕರ್ಯವು ಈಗ ಸಾಧಾರಣ ಗೃಹಸ್ಥನ ಕೈಗೂ ಎಟುಕುವಂತಾಗಿದೆ. ಈ ಸೌಕರ್ಯವನ್ನು ಒದಗಿಸತಕ್ಕ ತಂತ್ರಾಂಶಗಳು ತಮ್ಮತಮ್ಮಲ್ಲಿ ಎಷ್ಟೇ ಭಿನ್ನವಾಗಿದ್ದರೂ ಒಂದು ಕಲ್ಪನೆಯನ್ನು ಮಾತ್ರ ಎಲ್ಲವೂ ಸಮಾನವಾಗಿ ಅಂಗೀಕರಿಸಿವೆ. ಅದೆಂದರೆ, ಒಂದು ಸಂಚಿಕೆಗೆ ಒಂದೇ ಕಡತ, ಒಂದು ಕಡತದಲ್ಲಿ ಒಂದೇ ಸಂಚಿಕೆ. ಈ ಕಲ್ಪನೆಯು ಸತ್ಯವಾಗಿರುವವರೆಗೆ ಸಂಗ್ರಹಕಾರನಿಗೆ ಯಾವ ಚಿಂತೆಯೂ ಇಲ್ಲ. ಎರಡೋ ಆರೋ ಸಂಚಿಕೆಗಳು ಒಂದೇ ಕಡತದೊಳಗೆ ಒಡಲುಗೂಡಿ ಕುಳಿತಿರುವಾಗ, ಅದಕ್ಕೆ ಯಾವ ಹೆಸರಿಡಬೇಕು, ಪಟ್ಟಿಯಲ್ಲಿ ಅದು ಒಂದಾಗಿ ಕಾಣಬೇಕೋ ಹಲವಾಗಿ ಕಾಣಬೇಕೋ, ಅದನ್ನು ಕತ್ತರಿಸಬೇಕೋ ಹಾಗೆಯೇ ಬಿಡಬೇಕೋ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಎದುರಾಗುತ್ತವೆ. ಈ ಪ್ರಶ್ನೆಗಳಿಗೆ ಬಲ್ಲವರು ಕೊಡುವ ಉತ್ತರಗಳಲ್ಲಿ ಐಕಮತ್ಯವಿಲ್ಲ. ಇಲ್ಲದಿರುವುದಕ್ಕೆ ಮುಖ್ಯ ಕಾರಣ, ಒಡಲುಗೂಡಿದ ಸಂಚಿಕೆಗಳೆಲ್ಲ ಒಂದೇ ಜಾತಿಯವಲ್ಲವೆಂಬ ಅಂಶವನ್ನು ವಾದಿಸುವವರಲ್ಲಿ ಅನೇಕರು ಗಮನಿಸದಿರುವುದೇ ಎಂದು ನನಗೆ ತೋರುತ್ತದೆ.

ಮೊದಲನೆಯ ಜಾತಿಯು ಕೇವಲ ಪಾತ್ರೆಯ ಅಳತೆಯಿಂದ ಹುಟ್ಟಿದುದು. ನಮ್ಮ ದೇಶದಲ್ಲಿ ಪ್ರಚಲಿತವಾಗಿದ್ದ ಪಾಲ್ ಪದ್ಧತಿಯ ಇ-180 ವಿಎಚ್‌ಎಸ್ ಕ್ಯಾಸೆಟ್ಟು ಸಾಧಾರಣ ವೇಗದಲ್ಲಿ 180 ನಿಮಿಷಗಳನ್ನೂ, ಅರ್ಧ ವೇಗದಲ್ಲಿ ಅದರ ಇಮ್ಮಡಿಯನ್ನೂ ಹಿಡಿಯುತ್ತಿತ್ತು. 1987ರ ಜನವರಿಯಿಂದ 1988ರ ಜುಲೈವರೆಗೆ 78 ಸಂಚಿಕೆಗಳಲ್ಲಿ ನಡೆದ ರಮಾನಂದ ಸಾಗರರ ‘ರಾಮಾಯಣ’ವನ್ನು, ಅದರ ಬೆನ್ನಿಗೇ ಆ ವರ್ಷದ ಅಕ್ಟೋಬರಿನಲ್ಲಿ ಆರಂಭವಾಗಿ 94 ಸಂಚಿಕೆಗಳವರೆಗೆ ಸಾಗಿದ ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ವನ್ನು, ಭಾನುವಾರದ ಬೆಳಗಿನಲ್ಲಿ ಮುದ್ರಿಸಿಕೊಂಡ ಮನೆಗಳಲ್ಲಿ ಒಂದೊಂದು ಕ್ಯಾಸೆಟ್ಟಿನಲ್ಲಿ ನಾಲ್ಕೈದು ವಾರಗಳ ಕಥೆ ಸೇರಿಕೊಂಡಿರುವುದು ಸಹಜವೇ ಸರಿ, ಇಂದು ಆ ಕ್ಯಾಸೆಟ್ಟನ್ನು ಗಣಕಕ್ಕೆ ಇಳಿಸುವವನು ಆರಂಭದಿಂದ ಅಂತ್ಯದವರೆಗೆ ಒಂದೇ ಉಸಿರಿನಲ್ಲಿ ಇಳಿಸಿ, ನಡುವಿನ ಸಾಬೂನಿನ ಜಾಹೀರಾತುಗಳ ಸಮೇತವಾಗಿ ಒಂದೇ ಕಡತವನ್ನು ಪಡೆಯುತ್ತಾನೆ. ಅನಂತರ ಬಂದ ವಿಸಿಡಿಯ ಒಂದು ತಟ್ಟೆಯಲ್ಲಿ ಸುಮಾರು 74 ನಿಮಿಷಗಳಿಗೆ ಸ್ಥಳವಿತ್ತು. ಅರ್ಧ ಗಂಟೆಯ ಸಂಚಿಕೆಗಳೆರಡು ಅದರೊಳಗೆ ಒಂದೇ ಡ್ಯಾಟ್ ಕಡತವಾಗಿ ಬೆಸೆದುಕೊಳ್ಳುವುದುಂಟು. ಡಿವಿಡಿಯ ಬಗೆ ಇನ್ನೂ ವಿಚಿತ್ರ. ತಟ್ಟೆಯ ಮೇಲಿನ ಸಂಚಿಕೆಗಳನ್ನು ಬಿಡಿಬಿಡಿಯಾಗಿ ತೋರಿಸುವ ಏರ್ಪಾಡಿನ ಜೊತೆಗೇ, ಎಲ್ಲವನ್ನೂ ಒಂದೇ ಸಮನೆ ತೋರಿಸುವ ‘ಪ್ಲೇ ಆಲ್’ ಎಂಬ ಏರ್ಪಾಡನ್ನೂ ತಯಾರಕರು ಹಲವು ಸಲ ಇಟ್ಟಿರುತ್ತಾರೆ. ಎಲ್ಲಕ್ಕಿಂತ ಉದ್ದವಾದುದೇ ಮುಖ್ಯಚಿತ್ರವೆಂದು ಬಗೆದು ಅದನ್ನೇ ನಕಲಿಸಿಕೊಂಡವನಿಗೆ ಮೂರು ಗಂಟೆಯ ಒಂದು ಕಡತ ದೊರೆಯುತ್ತದೆ, ಸಂಚಿಕೆಗಳು ದೊರೆಯುವುದಿಲ್ಲ.

ಎರಡನೆಯ ಜಾತಿಯಲ್ಲಿ ಬೆಸುಗೆ ಹಾಕಿದುದು ಪ್ರಸಾರಕರ ಕೈ. ಬ್ರಿಟಿಷ್ ಪ್ರಸಾರ ಸಂಸ್ಥೆಯಾದ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ ‘ರಿಸರೆಕ್ಷನ್ ಆಫ್ ದ ಡಾಲೆಕ್ಸ್’ ಎಂಬ ಕಥೆಯು 25 ನಿಮಿಷಗಳ ನಾಲ್ಕು ಭಾಗಗಳಾಗಿ ಸಿದ್ಧವಾಗಿದ್ದಾಗ್ಯೂ, 1984ರ ಫೆಬ್ರವರಿಯಲ್ಲಿ ಸರಾಯೇವೋ ನಗರದ ಚಳಿಗಾಲದ ಒಲಿಂಪಿಕ್ಸ್ ಪ್ರಸಾರಕ್ಕೆ ವೇಳೆಯನ್ನು ಬಿಟ್ಟುಕೊಡಬೇಕಾಗಿ ಬಂದುದರಿಂದ, ಮುಕ್ಕಾಲು ಗಂಟೆಯ ಎರಡು ಭಾಗಗಳಾಗಿ ಬಿತ್ತರಗೊಂಡಿತು. ಹಾಗಾದರೆ ಆ ಕಥೆಗೆ ಸಂಚಿಕೆಗಳು ಎರಡೋ ನಾಲ್ಕೋ? ಬರೆದವನನ್ನು ಕೇಳಿದರೆ ಒಂದು ಉತ್ತರ, ಅಂದು ನೋಡಿದವನನ್ನು ಕೇಳಿದರೆ ಇನ್ನೊಂದು. ಇದಕ್ಕೆ ವಿಲೋಮವಾದ ದೃಷ್ಟಾಂತ ಅಮೆರಿಕದ ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ ಎಂಬುದರ ಮೊದಲ ಕಥೆ: 1987ರ ಸೆಪ್ಟೆಂಬರಿನಲ್ಲಿ ಎರಡು ಗಂಟೆಯ ಒಂದೇ ಚಿತ್ರವಾಗಿ ಬಂದ ‘ಎನ್‌ಕೌಂಟರ್ ಅಟ್ ಫಾರ್‌ಪಾಯಿಂಟ್’, ಮರುಪ್ರಸಾರಗಳ ಅನುಕೂಲಕ್ಕಾಗಿ ಮುಂದೆ ಎರಡಾಗಿ ಸೀಳಲ್ಪಟ್ಟಿತು. ಆದಕಾರಣ ಅದರ ಇಡೀ ಪ್ರತಿಯನ್ನು ಇಟ್ಟುಕೊಂಡವನು ಅದಕ್ಕೆ ಒಂದು ಎಂಬ ಅಂಕೆಯನ್ನು ಮಾತ್ರ ಕೊಟ್ಟು, ಎರಡಕ್ಕೆ ಮುಂದಿನ ಕಥೆಯನ್ನು ಕೂಡಿಸಿದನೆಂದರೆ, ಇಬ್ಭಾಗದ ಎಣಿಕೆಯನ್ನು ಅನುಸರಿಸುವ ಪಟ್ಟಿಗಳೆದುರಿಗೆ ಅವನ ಸೀಸನ್ನಿನ ಕೊನೆಯವರೆಗೂ ಪ್ರತಿಯೊಂದು ಕಥೆಯೂ ಒಂದು ಸ್ಥಾನ ಹಿಂದೆ ಜಾರುತ್ತದೆ. ಪರದೆಯ ಮೇಲೆ ಒಂದು ಕಥೆಯ ಸಾರಾಂಶ, ಒಳಗೆ ಇನ್ನೊಂದು ಕಥೆ.

ಮೂರನೆಯ ಜಾತಿಯಲ್ಲಿ ಏಕತ್ವವು ಕೃತಿಗೇ ಸೇರಿದ ಗುಣ. ಗೋವಿಂದ ನಿಹಲಾನಿಯವರ ‘ತಮಸ್’ 1988ರಲ್ಲಿ ದೂರದರ್ಶನದಲ್ಲಿ ಕಂತುಗಳಾಗಿ ಬಂದು, ಬಳಿಕ ಒಂದೇ ಸುದೀರ್ಘ ಚಲನಚಿತ್ರವಾಗಿಯೂ ಪ್ರದರ್ಶಿತವಾಯಿತು. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿ 1986–87ರಲ್ಲಿ ನಾಡಿಗೆ ತೋರಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಬಹುಪಾಲು ಕಥೆಗಳು ಒಂದೊಂದು ಸಂಚಿಕೆಯಲ್ಲಿ ಮುಗಿದರೂ, ಸ್ವಾಮಿಯ ಕಥೆಯೂ ಮಿಠಾಯಿ ವ್ಯಾಪಾರಿಯ ಕಥೆಯೂ ಹಲವು ಸಂಚಿಕೆಗಳನ್ನು ವ್ಯಾಪಿಸಿಕೊಂಡಿವೆ, ಸ್ವಾಮಿಯ ಪಾತ್ರದ ಮಾಸ್ಟರ್ ಮಂಜುನಾಥನನ್ನು ಮಕ್ಕಳಿಗೆ ತೋರಿಸಬೇಕೆನ್ನುವ ತಾಯಿಯು ಕೇಳುವುದು ‘ಸ್ವಾಮಿ’ಯನ್ನೇ ಹೊರತು ಇಂತಿಂಥ ಅಂಕೆಯ ಸಂಚಿಕೆಯನ್ನಲ್ಲ. ಇಂತಹ ಕಡೆಗಳಲ್ಲಿ ಸಂಚಿಕೆಗಳನ್ನು ಜೋಡಿಸಿ ಒಂದು ಕಡತ ಮಾಡಿಕೊಂಡವರ ರಸಜ್ಞತೆಯನ್ನು ನಾನು ತೆಗಳಲಾರೆ.

ಈ ತೊಡಕು ಗಣಕದಿಂದ ಹುಟ್ಟಿದ ಹೊಸ ತೊಡಕೇನೂ ಅಲ್ಲ. 1891ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದಂತಹ ಭಂಡಾರಗಳಲ್ಲಿ, ಒಂದೇ ದಾರದಲ್ಲಿ ಪೋಣಿಸಿದ ಒಂದು ತಾಡೋಲೆಯ ಕಟ್ಟಿನೊಳಗೆ ವೈದ್ಯವೂ ವ್ಯಾಕರಣವೂ ಸ್ತೋತ್ರವೂ ಒಟ್ಟಿಗೆ ಇರುವುದು ಅಪರೂಪವಲ್ಲ. ಪಟ್ಟಿಯನ್ನು ತಯಾರಿಸುವ ಪಂಡಿತರು ಅಂತಹ ಕಟ್ಟನ್ನು ಬಿಚ್ಚಿ ಹಂಚಿಹಾಕುವುದಿಲ್ಲ. ಒಂದೊಂದು ಕೃತಿಗೂ ಪ್ರತ್ಯೇಕವಾದ ನಮೂದನ್ನು ಬರೆದು, ಕಟ್ಟಿನ ಸಂಖ್ಯೆ ಇಂಥದು, ಓಲೆ ಇಷ್ಟರಿಂದ ಇಷ್ಟರವರೆಗೆ ಎಂದು ಸೂಚಿಸುತ್ತಾರೆ. ಕಟ್ಟು ಒಂದು, ಕೃತಿ ಹಲವು, ನಮೂದೂ ಹಲವು. ತಮ್ಮ ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗನ ವೇಳೆಯನ್ನು ಉಳಿಸಬೇಕೆಂಬುದು. ಈ ಪ್ರಕರಣದಲ್ಲಿ ಒರೆಗಲ್ಲಾಗಿ ಅದಕ್ಕಿಂತ ಉತ್ತಮವಾದುದನ್ನು ನಾನು ಕಾಣೆ. ಕಡತವೆಂಬುದು ಸಂಗ್ರಹದ ಅನುಕೂಲ. ನೋಡುವವನು ಅರಸಿ ಬರುವುದು ಸಂಚಿಕೆಯನ್ನು. ಇವೆರಡನ್ನೂ ಬೇರೆಬೇರೆಯಾಗಿ ಎಣಿಸಬಲ್ಲ ವ್ಯವಸ್ಥೆಯೇ ಉತ್ತಮವಾದ ವ್ಯವಸ್ಥೆ.

ಈ ಒರೆಗಲ್ಲಿಗೆ ಇಂದಿನ ತಂತ್ರಾಂಶಗಳನ್ನು ಉಜ್ಜಿ ನೋಡೋಣ. ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ 2002ರಲ್ಲಿ ಆರಂಭಗೊಂಡು, ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿ ಬೆಳೆದು, 2014ರಲ್ಲಿ ಮರುನಾಮಕರಣ ಹೊಂದಿದ ಕೋಡಿಯು ಹಸ್ತಪ್ರತಿ ಪಂಡಿತರ ಮಾರ್ಗಕ್ಕೆ ಅತ್ಯಂತ ಸಮೀಪವಾದುದು. ಒಂದು ಕಡತದಲ್ಲಿ ಎರಡು ಸಂಚಿಕೆಗಳಿವೆಯೆಂದು ಹೆಸರಿನಿಂದ ತಿಳಿದೊಡನೆ ಅದು ಪಟ್ಟಿಯಲ್ಲಿ ಎರಡು ನಮೂದುಗಳನ್ನು ಮಾಡುತ್ತದೆ. ಅಷ್ಟೇ ಅಲ್ಲ, ಎರಡನೆಯ ಸಂಚಿಕೆಯು ಕಡತದ ಎಷ್ಟನೆಯ ಕ್ಷಣದಲ್ಲಿ ಆರಂಭವಾಗುತ್ತದೆಂಬುದನ್ನು ಒಂದು ಗುರುತಾಗಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಆ ಗುರುತನ್ನು ಕಡತದ ಪಕ್ಕದಲ್ಲಿ ಇಡುವ ಎನ್‌ಎಫ್‌ಒ ಎಂಬ ಪುಟ್ಟ ಪಠ್ಯಕಡತದಲ್ಲಿ ಬರೆದಿಡುವುದೂ ಸಾಧ್ಯ. ಓಲೆಯ ಸಂಖ್ಯೆಯನ್ನು ನಮೂದಿಸುವುದೆಂದರೆ ಇದೇ ಅಲ್ಲವೇ. ಆದರೆ ಒಂದು ನ್ಯೂನತೆಯುಂಟು. ನೋಡಿ ಆಯಿತೆಂಬ ಲೆಕ್ಕವನ್ನು ಅದು ಬಹುಕಾಲದಿಂದ ಕಡತದ ಹೆಸರಿನಲ್ಲಿಯೇ ಬರೆಯುತ್ತ ಬಂದಿರುವುದರಿಂದ, ಒಂದನ್ನು ನೋಡಿ ಮುಗಿಸಿದರೆ ಒಡಹುಟ್ಟಿದ ಇನ್ನೊಂದಕ್ಕೂ ನೋಡಿದ ಮುದ್ರೆ ಬೀಳುತ್ತದೆ.

ಕೋಡಿಯ ಮೂಲದಿಂದಲೇ ಕವಲೊಡೆದು ಸ್ವತಂತ್ರವಾಗಿ ಬೆಳೆದ ಪ್ಲೆಕ್ಸ್ ಅರ್ಧದಾರಿಯವರೆಗೆ ಮಾತ್ರ ಬರುತ್ತದೆ. ಅದರ ಪಟ್ಟಿಯಲ್ಲಿ ಸಂಚಿಕೆಗಳು ಬೇರೆಬೇರೆಯಾಗಿಯೇ ಕಾಣುತ್ತವೆ. ಯಾವುದನ್ನು ಒತ್ತಿದರೂ ಇಡೀ ಕಡತವೇ ನಡೆಯುತ್ತದೆ. ಸಂಚಿಕೆಗಳು ನಿಜವಾಗಿ ಸ್ವತಂತ್ರವಾಗಿ ವರ್ತಿಸಬೇಕೆಂದಿದ್ದರೆ ಕಡತವನ್ನು ಕತ್ತರಿಸುವುದೇ ಲೇಸೆಂದು ಅದರ ಕೈಪಿಡಿಯೇ ಒಪ್ಪಿಕೊಂಡಿದೆ; ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. 2018ರ ಕೊನೆಯಲ್ಲಿ ಎಂಬಿ ಎಂಬ ಇನ್ನೊಂದು ತಂತ್ರಾಂಶದ ಮೂಲಸಂಹಿತೆಯ ದ್ವಾರವು ಮುಚ್ಚಿದಾಗ ಅದರಿಂದ ಬೇರೆಯಾಗಿ ಹೊರಟ ಜೆಲ್ಲಿಫಿನ್ ಮೂರನೆಯ ಮಾರ್ಗವನ್ನು ಹಿಡಿದಿದೆ: ಕಡತ ಒಂದಾದರೆ ನಮೂದೂ ಒಂದೇ, ಅದರ ಮೇಲೆ ‘ಐದರಿಂದ ಆರು’ ಎಂಬ ಅಂಕೆ ಮಾತ್ರ ಕಾಣುತ್ತದೆ. ಆರನೆಯ ಸಂಚಿಕೆಯನ್ನು ಅದರ ಹೆಸರು ಹಿಡಿದು ಹುಡುಕುವವನಿಗೆ ಇಲ್ಲಿ ನಿರಾಶೆಯಾಗಬಹುದು. ಆದರೂ, ಎರಡು ಗಂಟೆಯ ಒಂದೇ ಚಿತ್ರವಾಗಿ ಹುಟ್ಟಿದ ಕೃತಿಯ ವಿಷಯದಲ್ಲಿ ಜೆಲ್ಲಿಫಿನ್ನಿನ ನಡೆಯೇ ಹೆಚ್ಚು ಸತ್ಯವಾದುದೆಂದು ಹೇಳಬೇಕಾಗುತ್ತದೆ.

ಹೆಸರಿಡುವ ವಿಧಾನದ ವಿಷಯದಲ್ಲಿ ಮೂರೂ ಬಹುಮಟ್ಟಿಗೆ ಒಮ್ಮತಕ್ಕೆ ಬಂದಿವೆ. ಧಾರಾವಾಹಿಗೊಂದು ಫೋಲ್ಡರು, ಹೆಸರಿನ ಮುಂದೆ ಆವರಣದಲ್ಲಿ ಅದು ಆರಂಭವಾದ ವರ್ಷ, ಒಳಗೆ ಸೀಸನ್ನಿಗೊಂದು ಫೋಲ್ಡರು, ಗಣನೆಗೆ ಒಳಪಡದ ವಿಶೇಷ ಸಂಚಿಕೆಗಳಿಗೆ ಸೊನ್ನೆಯ ಸೀಸನ್ನು. ಕಡತದ ಹೆಸರಿನಲ್ಲಿ ರೋಮನ್ ಲಿಪಿಯ ಎಸ್ ಅಕ್ಷರ, ಎರಡಂಕೆಯ ಸೀಸನ್ ಸಂಖ್ಯೆ, ಇ ಅಕ್ಷರ, ಎರಡಂಕೆಯ ಸಂಚಿಕಾಸಂಖ್ಯೆ. ಜೋಡಿಸಂಚಿಕೆಯಾದರೆ ಹೈಫನ್ ಹಾಕಿ, ಇ ಅಕ್ಷರವನ್ನು ಮತ್ತೊಮ್ಮೆ ಬರೆದು, ಕೊನೆಯ ಸಂಚಿಕೆಯ ಸಂಖ್ಯೆ: ಎಸ್01ಇ05-ಇ06 ಎಂಬಂತೆ. ಎರಡನೆಯ ಇ ಅಕ್ಷರವನ್ನು ಸೋಮಾರಿತನದಿಂದ ಬಿಡುವವರುಂಟು. ಕೆಲವು ತಂತ್ರಾಂಶಗಳು ಅದನ್ನು ಸಹಿಸಿಕೊಂಡರೂ, ಹೈಫನ್ನಿಗೆ ಅಂಟಿಕೊಂಡು ಅಂಕೆಯಿಂದ ಮೊದಲಾಗುವ ಬೇರಾವುದಾದರೂ ಪದ ಬಂದರೆ ಅದನ್ನೂ ಸಂಚಿಕೆಯ ಸಂಖ್ಯೆಯೆಂದು ಭ್ರಮಿಸುವ ಅಪಾಯವಿರುವುದರಿಂದ, ಒಂದು ಅಕ್ಷರದ ಜಿಪುಣತನ ಇಲ್ಲಿ ಸಲ್ಲದು. ಇದೇ ಕಾರಣದಿಂದ, 2001ರಲ್ಲಿ ಆರಂಭವಾದ ‘24’ ಎಂಬ ಧಾರಾವಾಹಿಯಂತೆ ಹೆಸರೇ ಅಂಕೆಯಾಗಿರುವ ಕಡೆಗಳಲ್ಲಿ ವರ್ಷವನ್ನು ಬರೆಯುವುದು ಉಪಯುಕ್ತ. ಒಂದೇ ಅರ್ಧ ಗಂಟೆಯಲ್ಲಿ ಎರಡು ಮೂರು ಕಿರುಕಥೆಗಳನ್ನು ಅಡಕಿಕೊಂಡು ಬರುವ ಮಕ್ಕಳ ವ್ಯಂಗ್ಯಚಿತ್ರ ಸರಣಿಗಳಿಗೂ ಈ ವಿಧಾನವೇ ಗತಿ. 1999ರ ಮೇ 1ರಂದು ಮೊದಲ ಬಾರಿಗೆ ಬಂದ ‘ಸ್ಪಾಂಜ್‌ಬಾಬ್’ ಕಾರ್ಯಕ್ರಮದಲ್ಲಿಯೇ ಮೂರು ಕಥೆಗಳಿದ್ದವು. ಮಕ್ಕಳು ಯಾವ ಕ್ರಮದಲ್ಲಿ ನೋಡಿದರೂ ಕಥೆ ಕೆಡುವುದಿಲ್ಲವಾದ್ದರಿಂದ ಅದರ ಬಗೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದುದಿಲ್ಲ.

ಅಂಕೆಗಳನ್ನು ಯಾವ ಪಟ್ಟಿಯಿಂದ ತೆಗೆದುಕೊಳ್ಳಬೇಕೆಂಬುದು ಬೇರೆಯೇ ಒಂದು ವ್ಯಾಜ್ಯ. ಸಾರ್ವಜನಿಕರ ಕೈಯಿಂದಲೇ ಬೆಳೆದ ಟಿವಿಡಿಬಿ ಮತ್ತು ಟಿಎಂಡಿಬಿ ಎಂಬ ಎರಡು ಮಾಹಿತಿಕೋಶಗಳು ಇಂದಿನ ಬಹುಪಾಲು ತಂತ್ರಾಂಶಗಳಿಗೆ ಆಧಾರ. ಜೋಡಿಸಂಚಿಕೆಯನ್ನು ಒಂದು ಕೋಶವು ಎರಡೆಂದೂ ಇನ್ನೊಂದು ಒಂದೆಂದೂ ಗಣಿಸುವುದುಂಟು. ಟಿವಿಡಿಬಿಯಲ್ಲಂತೂ ಪ್ರಸಾರದ ಕ್ರಮ, ಡಿವಿಡಿಯ ಕ್ರಮ ಎಂದು ಒಂದೇ ಧಾರಾವಾಹಿಗೆ ಹಲವು ಕ್ರಮಗಳಿರಬಹುದು. ಜಾಸ್ ವೀಡನ್ ಅವರ ‘ಫೈರ್‌ಫ್ಲೈ’ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಕಥೆಯ ಪೀಠಿಕೆಯಾಗಿ ರಚಿತವಾದ ‘ಸೆರೆನಿಟಿ’ ಎಂಬ ದುಪ್ಪಟ್ಟು ಉದ್ದದ ಸಂಚಿಕೆಯನ್ನು ಫಾಕ್ಸ್ ವಾಹಿನಿಯು ಮೊದಲು ತೋರಿಸದೆ, 2002ರ ಡಿಸೆಂಬರ್ 20ರಂದು, ಧಾರಾವಾಹಿಯನ್ನೇ ಕೈಬಿಡುವ ಹೊತ್ತಿಗೆ ತೋರಿಸಿತು; ಮುಂದಿನ ವರ್ಷ ಹೊರಟ ಡಿವಿಡಿಯಲ್ಲಿ ಅದು ತನ್ನ ಯೋಗ್ಯಸ್ಥಾನವಾದ ಮೊದಲಿಗೆ ಬಂದಿತು. ಯಾವ ಕ್ರಮವನ್ನು ಹಿಡಿದರೂ ಹಿಡಿಯಬಹುದು. ಒಂದು ಧಾರಾವಾಹಿಯೊಳಗೆ ಎರಡನ್ನೂ ಬೆರೆಸಿದವನ ಅವಸ್ಥೆ ಮಾತ್ರ ಶೋಚನೀಯ.

ಇನ್ನು ಕತ್ತರಿಸುವ ವಿಷಯ. ಪಾತ್ರೆಯ ಅಳತೆಯಿಂದ ಬೆಸೆದುಕೊಂಡ ಮೊದಲನೆಯ ಜಾತಿಯ ಕಡತಗಳನ್ನು ನಿಸ್ಸಂಕೋಚವಾಗಿ ಕತ್ತರಿಸಬೇಕೆಂಬುದು ನನ್ನ ಸಿದ್ಧಾಂತ. ಆ ಬೆಸುಗೆಯನ್ನು ಯಾವ ನಿರ್ದೇಶಕನೂ ಬಯಸಿರಲಿಲ್ಲ, ಯಾವ ಪ್ರೇಕ್ಷಕನೂ ಹಾಗೆ ನೋಡಿರಲಿಲ್ಲ. ಕತ್ತರಿಸಿದರೆ ಚಿತ್ರದ ಗುಣ ಕೆಡುವುದೆಂಬ ಭಯವು ಸಾಮಾನ್ಯವಾಗಿ ಕೇಳಿಬರುತ್ತದೆ. ಎಂಕೆವಿಟೂಲ್‌ನಿಕ್ಸ್‌ನಂತಹ ಉಪಕರಣಗಳು ಚಿತ್ರವನ್ನು ಮತ್ತೊಮ್ಮೆ ಸಂಕುಚಿತಗೊಳಿಸದೆ, ಇದ್ದ ದತ್ತಾಂಶವನ್ನೇ ಎರಡು ಡಬ್ಬಿಗಳಿಗೆ ಹಂಚುವುದರಿಂದ ಆ ಭಯ ನಿರಾಧಾರ. ಆದರೆ ಇಂತಹ ಕತ್ತರಿಯು ಬೇಕಾದ ಕಡೆಯಲ್ಲೆಲ್ಲ ಬೀಳಲಾರದು. ಸಂಕುಚಿತವಾದ ಚಿತ್ರಧಾರೆಯಲ್ಲಿ ಪೂರ್ಣಚಿತ್ರಗಳು ನಡುನಡುವೆ ಮಾತ್ರ ಇದ್ದು, ಉಳಿದ ಚೌಕಟ್ಟುಗಳು ತಮ್ಮ ಹಿಂದುಮುಂದಿನವುಗಳಿಂದ ಆದ ವ್ಯತ್ಯಾಸವನ್ನಷ್ಟೇ ಹೇಳುತ್ತವೆ. ಕತ್ತರಿ ಬೀಳಬೇಕಾದುದು ಕೀಫ್ರೇಮ್ ಎಂದು ಕರೆಯುವ ಆ ಪೂರ್ಣಚಿತ್ರದ ಬಳಿಯಲ್ಲಿ. ಡಿವಿಡಿಯ ಪಾಲ್ ಪದ್ಧತಿಯಲ್ಲಿ ಅವು 15 ಚೌಕಟ್ಟುಗಳಿಗೊಮ್ಮೆಯಾದರೂ ಬರುವುದರಿಂದ ತಪ್ಪು ಅರ್ಧ ಸೆಕೆಂಡನ್ನು ಹೆಚ್ಚು ಮೀರದು. ಎಕ್ಸ್264 ಎಂಬ ಸಂಕೋಚಕವಾದರೋ, ಬೇರೆ ಆಜ್ಞೆಯಿಲ್ಲದಿದ್ದರೆ, 250 ಚೌಕಟ್ಟುಗಳವರೆಗೆ, ಎಂದರೆ ಹತ್ತು ಸೆಕೆಂಡುಗಳವರೆಗೆ, ಒಂದೇ ಪೂರ್ಣಚಿತ್ರದಿಂದ ಸಂಸಾರ ನಡೆಸಬಲ್ಲದು. ದೃಶ್ಯವು ಥಟ್ಟನೆ ಬದಲಾದ ಕಡೆ ಅದು ತಾನಾಗಿಯೇ ಹೊಸ ಪೂರ್ಣಚಿತ್ರವನ್ನು ಇಡುವುದರಿಂದ ಸಂಚಿಕೆಗಳ ಸಂಧಿಯಲ್ಲಿ ಬಹುಸಲ ಅದೃಷ್ಟ ಒಲಿಯುತ್ತದೆ. ದೃಶ್ಯವು ಮೆಲ್ಲಗೆ ಕಪ್ಪಿನೊಳಗೆ ಕರಗುವ ಕಡೆ ಒಲಿಯದೆಯೂ ಹೋಗುತ್ತದೆ. ಆದ್ದರಿಂದ ಕ್ಯಾಸೆಟ್ಟನ್ನು ಇಳಿಸಿದವನು ಮೊದಲು ಕತ್ತರಿಸಿ ಆಮೇಲೆ ಸಂಕುಚಿತಗೊಳಿಸತಕ್ಕದ್ದು. ಈ ಕ್ರಮವನ್ನು ತಲೆಕೆಳಗು ಮಾಡಿದವನ ಸಂಚಿಕೆಗಳು ಹಿಂದಿನದರ ಶೀರ್ಷಿಕೆಗಳ ಬಾಲವನ್ನು ಹೊತ್ತುಕೊಂಡೇ ಆರಂಭವಾಗುತ್ತವೆ. ಸಂಧಿಸ್ಥಾನವನ್ನು ಹುಡುಕುವ ಶ್ರಮಕ್ಕೆ, ಡಿವಿಡಿಯಾದರೆ ಅದರ ಅಧ್ಯಾಯದ ಗುರುತುಗಳು ನೆರವಾಗುತ್ತವೆ. ಕ್ಯಾಸೆಟ್ಟಾದರೆ ಎಫ್‌ಎಫ್‌ಎಂಪೆಗ್ ಎಂಬ ಸಾಧನವು ಪರದೆ ಕಪ್ಪಾದ ಕ್ಷಣಗಳನ್ನೂ ಧ್ವನಿ ಅಡಗಿದ ಕ್ಷಣಗಳನ್ನೂ ಪಟ್ಟಿಮಾಡಿ ಕೊಡಬಲ್ಲದು. ಬೇರೆ ಕಡತದಲ್ಲಿರುವ ಅಡಿಬರಹಗಳನ್ನು ಕತ್ತರಿಸುವ ಮೊದಲೇ ಒಳಗೆ ಸೇರಿಸಿಕೊಂಡರೆ ಅವೂ ಜೊತೆಯಲ್ಲಿಯೇ ಹೋಳಾಗುತ್ತವೆ; ಇಲ್ಲವಾದರೆ ಎರಡನೆಯ ಸಂಚಿಕೆಯ ಮಾತುಗಳೆಲ್ಲ ಅರ್ಧ ಗಂಟೆ ತಡವಾಗಿ ಮೂಡುತ್ತವೆ.

ಪ್ರಸಾರಕನ ಕೈಯಿಂದ ಬೆಸೆದುಕೊಂಡವುಗಳ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳಲಾರೆ. ಸಂಧಿಯಲ್ಲಿ ಮುಕ್ತಾಯದ ಶೀರ್ಷಿಕೆಯೂ ಮರು ಆರಂಭದ ಸಂಗೀತವೂ ಇದ್ದರೆ ಕತ್ತರಿಸಬಹುದು. ಅವಿಲ್ಲದೆ ದೃಶ್ಯವು ಅವಿಚ್ಛಿನ್ನವಾಗಿ ಹರಿಯುತ್ತಿದ್ದರೆ ಕತ್ತರಿಯನ್ನು ಕೆಳಗಿಟ್ಟು ಎರಡು ಅಂಕೆಗಳ ಹೆಸರನ್ನು ಕೊಟ್ಟು ಸುಮ್ಮನಿರುವುದು ವಿಹಿತ. ಕೃತಿಯೇ ಏಕವಾಗಿರುವ ಕಡೆಗಂತೂ ಕತ್ತರಿಗೆ ಕೆಲಸವೇ ಇಲ್ಲ. ಮೂಲ ಕಡತವನ್ನು ಇಟ್ಟುಕೊಂಡು, ಮ್ಯಾಟ್ರೋಸ್ಕಾ ಡಬ್ಬಿಯಲ್ಲಿರುವ ಕ್ರಮಬದ್ಧ ಅಧ್ಯಾಯಗಳ ಏರ್ಪಾಡಿನಿಂದ ಒಂದೇ ದತ್ತಾಂಶವನ್ನು ಅಖಂಡವಾಗಿಯೂ ಖಂಡವಾಗಿಯೂ ತೋರಿಸಬಹುದೆಂದು ಸೂಕ್ಷ್ಮಮತಿಗಳು ಹೇಳುತ್ತಾರೆ. ಉಪಾಯವೇನೋ ಸೊಗಸಾದುದೇ, ಮನೆಯ ದೂರದರ್ಶನಕ್ಕೆ ಜೋಡಿಸಿದ ಸಾಧನಗಳಲ್ಲಿ ಬಹುಪಾಲು ಅದನ್ನು ಅರ್ಥಮಾಡಿಕೊಳ್ಳುವುದಿಲ್ಲವಾದ್ದರಿಂದ ಅದರ ಸೊಗಸು ಗ್ರಂಥಸ್ಥವಾಗಿಯೇ ಉಳಿದಿದೆ.

ಕನ್ನಡದ ಧಾರಾವಾಹಿಗಳಿಗೆ ಬಂದರೆ, ಈವರೆಗೆ ಹೇಳಿದ ನಿಯಮಗಳಲ್ಲಿ ಅರ್ಧದಷ್ಟು ಸಡಿಲವಾಗುತ್ತವೆ. ನಮ್ಮ ದೈನಂದಿನ ಧಾರಾವಾಹಿಗಳಿಗೆ ಸೀಸನ್ನೆಂಬ ವಿಭಾಗವೇ ಇಲ್ಲ. ವಾರಕ್ಕೆ ಐದು ದಿನದಂತೆ ವರ್ಷಗಟ್ಟಲೆ ನಡೆದು, ನೂರಾರು ಸಂಚಿಕೆಗಳನ್ನು ದಾಟುವ ಕಥೆಗೆ ಎರಡಂಕೆಯ ಸಂಖ್ಯೆ ಸಾಲದು. ಇಲ್ಲಿ ಸಂಚಿಕಾಸಂಖ್ಯೆಯನ್ನು ಬಿಟ್ಟು ಪ್ರಸಾರದ ದಿನಾಂಕವನ್ನು, ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಎಂಬ ಕ್ರಮದಲ್ಲಿ ಬರೆಯುವ ಪದ್ಧತಿಯೇ ಶ್ರೇಷ್ಠ. ತಂತ್ರಾಂಶಗಳು ಇದನ್ನು ಬಲ್ಲವು. ಸಂಜೆಯ ಅರ್ಧ ಗಂಟೆಯು ಒಂದು ಗಂಟೆಯಾಗಿ ಹಿಗ್ಗುವ ‘ಮಹಾಸಂಚಿಕೆ’ಗೂ ಆಗ ತೊಡಕಿಲ್ಲ: ದಿನ ಒಂದೇ ಆದುದರಿಂದ ಕಡತವೂ ಒಂದೇ. ಮಾಹಿತಿಕೋಶಗಳಲ್ಲಿ ಕನ್ನಡದ ಹಳೆಯ ಧಾರಾವಾಹಿಗಳ ವಿವರ ಬಹಳ ತೆಳುವಾಗಿರುವುದರಿಂದ ಸಾರಾಂಶವನ್ನು ತಾನೇ ಬರೆದು ಎನ್‌ಎಫ್‌ಒ ಕಡತದಲ್ಲಿ ಇಡುವ ಶ್ರಮ ಸಂಗ್ರಹಕಾರನಿಗೆ ತಪ್ಪದು.

ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆಯುವ ಅಭಿಮಾನಿಗಳಿಗೆ ಒಂದು ಎಚ್ಚರಿಕೆ. ಯೂನಿಕೋಡಿನಲ್ಲಿ ಒಕಾರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎತ್ವ ಊತ್ವಗಳ ಕೂಡಿಕೆಯಾಗಿಯೂ ಬರೆಯಲು ಸಾಧ್ಯ; ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ಆಪಲ್ ಕಂಪನಿಯ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿದ್ದುದರಿಂದ, ಅಲ್ಲಿಂದ ಲಿನಕ್ಸ್ ಯಂತ್ರಕ್ಕೆ ನಕಲಾದ ಫೋಲ್ಡರೂ ಇಲ್ಲಿ ಹೊಸದಾಗಿ ಮಾಡಿದ ಫೋಲ್ಡರೂ ನೋಟಕ್ಕೆ ಒಂದೇ ಹೆಸರಿನಿಂದ ಅಕ್ಕಪಕ್ಕ ಕುಳಿತಿರುವ ವಿನೋದವನ್ನು ಕಾಣಬಹುದು. ಆಗ ಒಂದು ಧಾರಾವಾಹಿಯು ಪಟ್ಟಿಯಲ್ಲಿ ಎರಡಾಗಿ ತೋರಿದರೆ ತಂತ್ರಾಂಶವನ್ನು ದೂರಿ ಫಲವಿಲ್ಲ.

ಎಲ್ಲಕ್ಕಿಂತ ಕಠಿಣವಾದುದು ಕೊನೆಗೆ ಉಳಿದಿದೆ. ಕನ್ನಡದ ಖಾಸಗಿ ವಾಹಿನಿಗಳು ಎರಡು ಧಾರಾವಾಹಿಗಳ ಪಾತ್ರಗಳನ್ನು ಒಂದೇ ಮದುವೆಮನೆಗೋ ಜಾತ್ರೆಗೋ ಕೂಡಿಸಿ, ಎರಡರ ವೇಳೆಯನ್ನೂ ಒಂದುಗೂಡಿಸಿ ‘ಮಹಾಸಂಗಮ’ವೆಂದು ಬಿತ್ತರಿಸುತ್ತವೆ. ಇಲ್ಲಿ ಒಂದು ಕಡತದಲ್ಲಿ ಒಂದೇ ಧಾರಾವಾಹಿಯ ಎರಡು ಸಂಚಿಕೆಗಳಿರುವುದಲ್ಲ. ಎರಡು ಧಾರಾವಾಹಿಗಳ ಒಂದೊಂದು ಸಂಚಿಕೆಯಿದೆ, ಅದೂ ದೃಶ್ಯದಿಂದ ದೃಶ್ಯಕ್ಕೆ ಹೆಣೆದುಕೊಂಡು. ಕತ್ತರಿಸಿದರೆ ಎರಡೂ ಕೆಡುತ್ತವೆ. ಮೇಲೆ ಹೇಳಿದ ಯಾವ ತಂತ್ರಾಂಶಕ್ಕೂ ಒಂದು ಹೆಸರಿನಲ್ಲಿ ಎರಡು ಧಾರಾವಾಹಿಗಳನ್ನು ಓದುವ ವಿದ್ಯೆ ಬಾರದು. ನಾನು ಕಂಡ ಮಟ್ಟಿಗೆ ಇರುವ ಸಮಂಜಸವಾದ ಪರಿಹಾರವು ಹಾರ್ಡ್ ಲಿಂಕ್ ಎಂಬುದು: ಒಂದೇ ಡಿಸ್ಕಿನ ಒಂದೇ ಕಡತವ್ಯವಸ್ಥೆಯೊಳಗೆ, ಒಂದೇ ದತ್ತಾಂಶಕ್ಕೆ ಎರಡು ಫೋಲ್ಡರುಗಳಲ್ಲಿ ಎರಡು ಹೆಸರುಗಳನ್ನು ಕೊಡುವುದು. ಸ್ಥಳವು ಒಂದರಷ್ಟೇ ಖರ್ಚಾಗುತ್ತದೆ. ಒಂದು ಹೆಸರನ್ನು ಅಳಿಸಿದರೂ ಇನ್ನೊಂದರ ಮೂಲಕ ಚಿತ್ರವು ಉಳಿಯುತ್ತದೆ. ಎರಡು ಧಾರಾವಾಹಿಗಳೂ ತಮ್ಮತಮ್ಮ ದಿನಾಂಕದಲ್ಲಿ ಪೂರ್ಣವಾಗಿ ಕಾಣುತ್ತವೆ. ಆದರೆ ಇಡೀ ಸಂಗ್ರಹವನ್ನು ಬೇರೊಂದು ಡಿಸ್ಕಿಗೆ ರಕ್ಷಣಾರ್ಥವಾಗಿ ನಕಲಿಸುವಾಗ ಆರ್‌ಸಿಂಕ್‌ನಂತಹ ಸಾಧನಕ್ಕೆ ಈ ನಂಟನ್ನು ಕಾಪಾಡಬೇಕೆಂದು ದೊಡ್ಡಕ್ಷರದ ಎಚ್ ಸೂಚನೆಯಿಂದ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅಲ್ಲಿ ಅದು ಎರಡು ಬೇರೆ ಕಡತಗಳಾಗಿ ಇಮ್ಮಡಿ ಸ್ಥಳವನ್ನು ಆಕ್ರಮಿಸುತ್ತದೆ.